ಹತ್ತನೇ ನಂಬರಿನ ಸ್ಪ್ಯಾನರೂ ಲುಂಬಿನಿಯೂ

ಸಿರಾ

ನಮ್ಮ ಯಜಮಾನರ ಹೆಸರು ಹನುಮಂತರಾಯಪ್ಪ. ಬುದ್ಧ ಹುಟ್ಟಿದ ಲುಂಬಿನಿಗೆ ಹೊರಟವರ ಪಟ್ಟಿಯಲ್ಲಿ ಈ ಹೆಸರು ಓದಿ ಕೊರಟಗೆರೆಯ ಗಂಗಾಧರಯ್ಯ ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. ನಗಲಿ ಬಿಡಿ. ನಮ್ಮಪ್ಪನ ಕಾಲಕ್ಕೇ ನಮ್ಮದು ಬೌದ್ಧರಾದ ಮನೆ, ಗಂಡನ ಮನೆಯವರು ಆಮೇಲೆ ಆದವರು. ಮನಸ್ಸು ಬದಲಾಯಿಸಿಕೊಂಡರು, ರೇಷನ್ ಕಾರ್ಡಿನಲ್ಲಿ ಹೆಸರು ಬದಲಾಯಿಸಲು ಯಾರಿಗೆ ಪುರಸೊತ್ತು?

ಮೇಷ್ಟ್ರು ನಿವೃತ್ತರಾದ ಮೇಲೆ ವರ್ಷಕ್ಕೊಮ್ಮೆ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಇಪ್ಪತ್ತು ಮೂವತ್ತು ಜನರನ್ನು ಸೇರಿಸಿ ಯಾತ್ರೆ ಹೊರಡಿಸುತ್ತಾರೆ. ನಾನು ಹುಲಿಕುಂಟೆ ಹೋಬಳಿಯ ಒಂದು ಸರ್ಕಾರಿ ಶಾಲೆಯ ಟೀಚರು. ಹೆಸರು ಬರೆಸಿದಾಗ ನಮ್ಮವರ ಎರಡು ಕಾಲೂ ನೆಟ್ಟಗಿದ್ದವು.

ಅವರ ಕೆಲಸ ಬೋರ್‌ವೆಲ್‌ಗೆ ಮೋಟಾರು ಇಳಿಸುವುದು, ಕೆಟ್ಟರೆ ಎತ್ತುವುದು. ಹುಟ್ಟಿದ ಊರು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡದ್ದು, ಹಾಗಾಗಿ ಸಿಟ್ಟು ಬಂದರೂ ನಗು ಬಂದರೂ ತೆಲುಗು. ಹೋದ ವರ್ಷ ಬುಕ್ಕಾಪಟ್ಟಣದ ಹತ್ತಿರ ಮೋಟಾರು ಎತ್ತುವಾಗ ಪೈಪು ತೂಗುಹಾಕಿದ್ದ ಮುಕ್ಕಾಲಿ ಜಾರಿ, ಕಬ್ಬಿಣದ ಆ ಪೈಪು ಎಡ ಮೊಣಕಾಲಿಗೂ ಪಾದಕ್ಕೂ ನಡುವೆ ಬಿತ್ತು. ಎಲುಬು ಮುರಿದಿದ್ದರೆ ಕೂಡುತ್ತಿತ್ತೇನೋ, ಇದು ಪುಡಿಯಾಯಿತು. ಎರಡು ಆಪರೇಷನ್ ಆದವು, ಕೀವು ತುಂಬಿತು. ಕೊಳೆತ ಎಲುಬನ್ನೆಲ್ಲ ತೆಗೆದು ಹಾಕಿದ ಮೇಲೆ ನಡುವೆ ಆರು ಸೆಂಟಿಮೀಟರ್ ಜಾಗ ಖಾಲಿ ಉಳಿಯಿತು.

ಬೆಂಗಳೂರಿನ ಡಾಕ್ಟರೊಬ್ಬರು ಕಾಲಿನ ಸುತ್ತ ಮೂರು ಉಕ್ಕಿನ ಬಳೆ ಕೂರಿಸಿದರು. ಬಳೆಯಿಂದ ಹೊರಟ ತಂತಿಗಳು ಚರ್ಮ, ಎಲುಬು ಎಲ್ಲವನ್ನೂ ತೂರಿ ಆಚೆ ಬರುತ್ತವೆ. ಮೊಣಕಾಲಿನ ಕೆಳಗೆ ಒಳ್ಳೆಯ ಎಲುಬನ್ನು ಬೇಕೆಂದೇ ಕತ್ತರಿಸಿ, ಆ ತುಂಡನ್ನು ದಿನಕ್ಕೊಂದು ಮಿಲಿಮೀಟರಿನಂತೆ ಕೆಳಗೆ ಸರಿಸಿಕೊಂಡು ಹೋಗಬೇಕು. ಅದು ಬಿಟ್ಟುಬಂದ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ, ತುಂಡು ಕೆಳಗಿನ ಎಲುಬನ್ನು ಮುಟ್ಟಿದ ಮೇಲೆ ಅಲ್ಲಿಯೂ ಕೂಡಿಕೊಳ್ಳುತ್ತದೆ. ಸರಿಸುವುದು ಹೇಗೆ? ಬಳೆಗಳ ನಡುವಿನ ಸರಳುಗಳಲ್ಲಿ ನಟ್ಟುಗಳಿವೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವ ಮುಂಚೆ, ಹೀಗೆ ದಿನಕ್ಕೆ ನಾಲ್ಕು ಸಲ ಹತ್ತನೇ ನಂಬರಿನ ಸ್ಪ್ಯಾನರಿನಿಂದ ಅವನ್ನು ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿಸಬೇಕು. ನಮ್ಮ ಮನೆಯಲ್ಲಿ ಇದಕ್ಕೆ 'ಒಂದು ತಿರುವು' ಅನ್ನುತ್ತೇವೆ. ಯಾವ ಕಡೆಗೆ ಅಂತ ಮರೆಯಬಾರದೆಂದು ನನ್ನ ಉಗುರು ಬಣ್ಣದಲ್ಲಿ ಬಾಣದ ಗುರುತು ಹಾಕಿದ್ದೆ.

ಜೀವನವೆಲ್ಲ ನಟ್ಟು ತಿರುಗಿಸಿದ ಮನುಷ್ಯನ ಕೈಗೆ ಅವನದೇ ಕಾಲಿನ ನಟ್ಟು ಕೊಟ್ಟರೆ ಏನಾಗುತ್ತದೆ? "ಈ ಡಾಕ್ಟ್ರು ಭಾಳ ನಿಧಾನ ಕಣೆ. ನಾನಾಗಿದ್ರೆ ಒಂದ್ ವಾರಕ್ಕೆ ಇಳಿಸಿಬುಡ್ತಿದ್ದೆ" ಎಂದು ಮೊದಲ ದಿನವೇ ಶುರು ಮಾಡಿದರು. ಬೇಗ ಎಳೆದರೆ ಹೊಸ ಎಲುಬು ಹುಟ್ಟುವುದಿಲ್ಲ, ನಿಧಾನವಾದರೆ ಅರ್ಧ ದಾರಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಪಾಠ ಒಪ್ಪಿಸುವ ಹಾಗೆ ದಿನಾ ಒಪ್ಪಿಸಿದೆ. "ಊ, ಊ" ಅನ್ನುತ್ತಿದ್ದರು.

ಅದೇ ಡಾಕ್ಟರು ನನ್ನೊಬ್ಬಳನ್ನೇ ಬಾಗಿಲಾಚೆ ಕರೆದು ಇನ್ನೊಂದು ಮಾತು ಹೇಳಿದ್ದರು. ಇದೂ ಕೈಕೊಟ್ಟರೆ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯುವುದು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ ಎಂದು. ನಾನು ಅದನ್ನು ನಮ್ಮವರಿಗೆ ಹೇಳಲಿಲ್ಲ. ಹೇಳಿದರೆ ಊಟ ಬಿಡುವ ಮನುಷ್ಯ ಅವರು. ಅವತ್ತಿನಿಂದ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುದ್ದೆ ತಿರುವಿದೆ, ತಂತಿ ಹೊಕ್ಕ ಜಾಗ ತೊಳೆದೆ, ಶಾಲೆಗೆ ಹೋದೆ.

ಯಾತ್ರೆ ಬೇಡವೆಂದು ಡಾಕ್ಟರೇ ಹೇಳಲಿ ಎಂಬ ಆಸೆಯಿಂದ ಅವರನ್ನು ಕೇಳಿದೆ. "ಹೋಗಿಬನ್ನಿ, ನಡೆದಷ್ಟೂ ಎಲುಬಿಗೆ ಒಳ್ಳೇದು. ತಿರುಗಿಸೋದು ಮಾತ್ರ ತಪ್ಪಿಸಬೇಡಿ" ಅಂದುಬಿಟ್ಟರು. ನಮ್ಮವರು ಅಂದೇ ಸಂಜೆ ಟೈಲರ್ ಹತ್ತಿರ ಹೋಗಿ, ಪ್ಯಾಂಟಿನ ಒಂದು ಕಾಲನ್ನು ಮೇಲಿನಿಂದ ಕೆಳಗಿನವರೆಗೂ ಸೀಳಿಸಿ ಗುಂಡಿ ಹಾಕಿಸಿಕೊಂಡು ಬಂದರು.

ವಿಮಾನ ನಿಲ್ದಾಣ

ಸ್ಪ್ಯಾನರನ್ನು ದೊಡ್ಡ ಬ್ಯಾಗಿನಲ್ಲಿ ಹಾಕಿ ಎಂದು ಮನೆಯಲ್ಲಿ ಮೂರು ಸಲ ಹೇಳಿದ್ದೆ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕನೇ ಸಲ ಹೇಳಿದೆ. "ಹಾಕಿವ್ನಿ ಬುಡು" ಅಂದರು. ತಪಾಸಣೆಯ ಬಾಗಿಲಲ್ಲಿ ಯಂತ್ರ ಕೂಗಿಕೊಂಡಾಗ ಕಾಲಿಗಾಗಿ ಕೂಗಿತು ಅಂದುಕೊಂಡೆ. ಕಾಲಿಗೂ ಕೂಗಿತ್ತು, ಅಂಗಿಯ ಜೇಬಿಗೂ ಕೂಗಿತ್ತು.

ಕಾವಲಿನ ಅಧಿಕಾರಿ ಒಳ್ಳೆಯ ಮನುಷ್ಯನೇ. ಪ್ಯಾಂಟಿನ ಗುಂಡಿ ಬಿಚ್ಚಿಸಿ ಕಾಲು ನೋಡಿ ತಾನೇ ಮುಖ ಹಿಂಡಿಕೊಂಡ. ಆದರೆ ಸ್ಪ್ಯಾನರು ಒಳಗೆ ಹೋಗುವಂತಿಲ್ಲ ಅಂದ. ಡಾಕ್ಟರ ಚೀಟಿ ತೋರಿಸಿ ಅಂದ. ಚೀಟಿ ದೊಡ್ಡ ಬ್ಯಾಗಿನಲ್ಲಿತ್ತು. ಬ್ಯಾಗು ಆಗಲೇ ವಿಮಾನದ ಹೊಟ್ಟೆ ಸೇರಿತ್ತು.

"ಸ್ಪ್ಯಾನರು ಜೇಬಲ್ಲಿ, ಚೀಟಿ ಬ್ಯಾಗಲ್ಲಿ! ತಲೇಲಿ ಏನಿಟ್ಕೊಂಡಿದ್ದೀರಿ?" ಅಂದೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ.

"ಮಧ್ಯಾಹ್ನದ ತಿರುವಿಗೆ ಬೇಕಲ್ಲ ಅಂತ ಇಟ್ಕೊಂಡೆ. ನೀನೇ ಅಲ್ವಾ ತಪ್ಪಿಸ್ಬ್ಯಾಡ ಅಂದೋಳು?" ಅಂದರು. ಇಂಥವರ ಜತೆ ಬಾಳುವೆ ಮಾಡಿ ಇಪ್ಪತ್ತೆರಡು ವರ್ಷ.

ಸ್ಪ್ಯಾನರು ಒಂದು ಪ್ಲಾಸ್ಟಿಕ್ ಡಬ್ಬ ಸೇರಿತು, ಅದರೊಳಗೆ ಆಗಲೇ ಕತ್ತರಿ, ಲೈಟರು, ಯಾರದೋ ತೆಂಗಿನಕಾಯಿ ಇದ್ದವು. ನಾವು ಹನ್ನೆರಡರ ತಿರುವನ್ನು ಆಕಾಶದಲ್ಲಿ ತಪ್ಪಿಸಿದೆವು.

ಗೋರಖಪುರ

ಇಳಿದ ಕೂಡಲೇ ಅಂಗಡಿಗೆ ಓಡೋಣ ಅಂದರೆ ಅವತ್ತು ಭಾನುವಾರ, ನಾವು ಹೋದ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಗಳ ಬಾಗಿಲು ಹಾಕಿತ್ತು. ನಮಗಾಗಿ ಬಂದಿದ್ದ ಬಸ್ಸಿನ ಡ್ರೈವರ್ ಟೂಲ್ ಬಾಕ್ಸ್ ತೆಗೆದು ಎಲ್ಲವನ್ನೂ ನೆಲಕ್ಕೆ ಸುರಿದ. ಎಂಟು ಇತ್ತು, ಹನ್ನೆರಡು ಇತ್ತು, ಹದಿಮೂರು ಎರಡಿದ್ದವು. ಹತ್ತು ಇರಲಿಲ್ಲ.

"ಹತ್ತು ಎಲ್ಲೂ ಸಿಗಲ್ಲ ಕಣೆ. ಯಾವ ಮೆಕ್ಯಾನಿಕ್‌ನ ಕೇಳು, ಮೊದಲು ಕಳೆದೋಗೋದೇ ಅದು" ಎಂದು ನಮ್ಮವರು ಡ್ರೈವರನ ಪರ ವಹಿಸಿದರು. ಅವನ ಭುಜ ತಟ್ಟಿ ಸಿರಾದ ಗ್ಯಾರೇಜಿನಲ್ಲಿ ಕಲಿತ ಉರ್ದುವಿನಲ್ಲಿ ಏನೋ ಹೇಳಿದರು, ಅವನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಸಂಜೆ ಆರರ ತಿರುವೂ ಹೋಯಿತು. ನಮ್ಮ ಜತೆ ಬಂದಿದ್ದ ಮಧುಗಿರಿಯ ಅಂಗನವಾಡಿ ಕಾರ್ಯಕರ್ತೆ ಜಯಮ್ಮ, "ಕೈಯಾಗೇ ತಿರುಗ್ಸಕ್ಕಾಗಲ್ವೇನಕ್ಕಾ?" ಎಂದು ಸೆರಗು ಸುತ್ತಿಕೊಂಡು ಒಂದು ಪ್ರಯತ್ನವನ್ನೂ ಮಾಡಿದಳು. ನಟ್ಟು ಅಲುಗಲಿಲ್ಲ, ಅವಳ ಹೆಬ್ಬೆರಳು ಕೆಂಪಾಯಿತು.

ಬಸ್ಸಿನ ಕಿಟಕಿಯಲ್ಲಿ ಬರೀ ಗದ್ದೆ. ಎಷ್ಟು ದೂರ ನೋಡಿದರೂ ಒಂದು ಬಂಡೆ ಇಲ್ಲ, ಗುಡ್ಡವಿಲ್ಲ. ಮಧುಗಿರಿ ಬೆಟ್ಟವನ್ನು ದಿನಾ ನೋಡುವ ಜಯಮ್ಮನಿಗೆ ಇದು ಸರಿಬೀಳಲಿಲ್ಲ. "ಇಲ್ಲಿ ಜನ ದಾರಿ ಹೆಂಗ್ ಗುರುತು ಹಿಡೀತಾರೆ?" ಎಂದು ಕೇಳುತ್ತಲೇ ಇದ್ದಳು.

ಸುನೌಲಿ

ಮರುದಿನ ಬೆಳಿಗ್ಗೆ ಗಡಿ ದಾಟಿದೆವು. ಪರದೇಶಕ್ಕೆ ಹೋಗುವುದೆಂದರೆ ಏನೋ ಅಂದುಕೊಂಡಿದ್ದೆ. ಒಂದು ದೊಡ್ಡ ಕಮಾನು, ಅದರ ಕೆಳಗೆ ಸೈಕಲ್ಲು, ಲಾರಿ, ತರಕಾರಿ ಚೀಲ ಹೊತ್ತ ಹೆಂಗಸರು, ವಾಕರ್ ಹಿಡಿದ ನಮ್ಮವರು, ಹಿಂದೆ ನಾನು. ಪಾವಗಡದಿಂದ ಆಂಧ್ರಕ್ಕೆ ಹೋಗುವಷ್ಟೇ ಸಲೀಸು.

ನೇಪಾಳದಲ್ಲಿ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ಮೇಷ್ಟ್ರು ಇದನ್ನು ಎಲ್ಲರಿಗೂ ಹೇಳಿ ಕೈಗಡಿಯಾರ ತಿದ್ದಿಸಿದರು. ನಮ್ಮವರಿಗೆ ಇದೊಂದು ದೊಡ್ಡ ಚರ್ಚೆಯ ವಿಷಯವಾಯಿತು. ಕಾಲಿನ ಎಲುಬು ಇಂಡಿಯಾ ಟೈಮಿನಲ್ಲಿ ಬೆಳೆಯುತ್ತದೋ ನೇಪಾಳದ ಟೈಮಿನಲ್ಲೋ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಯೋಚನೆ ಮಾಡತೊಡಗಿದರು. ಸ್ಪ್ಯಾನರೇ ಇಲ್ಲದವರಿಗೆ ಯಾವ ಟೈಮಾದರೇನು?

ಕಮಾನು ದಾಟಿ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಅವರನ್ನು ಕೂರಿಸಿದೆ. ಎದುರಿನಲ್ಲೇ ಒಂದು ಕೈಪಂಪಿತ್ತು. ಚಿಕ್ಕದೊಂದು ಹಿಡಿ, ಒಬ್ಬ ಮುದುಕಿ ಎರಡು ಸಲ ಒತ್ತಿದಳು, ಬಕೆಟ್ ತುಂಬಿತು. ನಮ್ಮವರು ಟೀ ಕುಡಿಯುವುದನ್ನೇ ಬಿಟ್ಟರು. ನೀರು ಎಷ್ಟು ಆಳದಲ್ಲಿದೆ ಎಂದು ಅಂಗಡಿಯವನನ್ನು ಕೇಳಿದರು. ಇಪ್ಪತ್ತು ಮೂವತ್ತು ಅಡಿ ಎಂದ ಅವನು, ಅದರಲ್ಲೇನಿದೆ ಎನ್ನುವ ಹಾಗೆ. ನಮ್ಮಲ್ಲಿ ಸಾವಿರ ಅಡಿ ಕೊರೆಸಿ, ಬರೀ ಬಿಳಿ ಧೂಳು ಎದ್ದದ್ದನ್ನು ನೋಡುತ್ತ ನಿಂತ ಜನ ಎಷ್ಟಿದ್ದಾರೋ. "ಓರಿ ದೇವುಡಾ! ಇಲ್ಲಿ ನನ್ನಂಥೋನಿಗೆ ಕೆಲಸಾನೇ ಇಲ್ಲ ಕಣೆ" ಅಂದರು. ಅದನ್ನು ಹೇಳುವಾಗ ಅವರ ಮುಖ ನೋಡಿ ನನಗೆ ಸಂಕಟವಾಯಿತು. ಈಗ ಊರಿನಲ್ಲೂ ಅವರಿಗೆ ಕೆಲಸವಿಲ್ಲ.

ನಾನು ಚೀಲದಿಂದ ತಿರುವಿನ ಪಟ್ಟಿ ತೆಗೆದೆ. ಡಾಕ್ಟರು ಕೊಟ್ಟ ಹಾಳೆ, ದಿನಕ್ಕೆ ನಾಲ್ಕು ಚೌಕ. ನಿನ್ನೆ ಮಧ್ಯಾಹ್ನದಿಂದ ನಾಲ್ಕು ಚೌಕ ಖಾಲಿ ಉಳಿದಿದ್ದವು. ನನಗೆ ಅಳು ಬಂತು. "ಎಲುಬು ಅಲ್ಲೇ ಗಟ್ಟಿಯಾಗಿ ಕೂತ್ಕೊಂಡ್ರೆ ಏನ್ ಮಾಡೋದ್ರೀ?" ಅಂದೆ.

"ಏಂ ಕಾದು, ಏನೂ ಆಗಲ್ಲ ಬುಡೇ. ಯಾಕಿಂಗೆ ಅಳ್ತೀಯ? ಅಡ್ವಾನ್ಸ್ ಐತಲ್ಲ" ಅಂದರು.

"ಏನಡ್ವಾನ್ಸು?"

ಅವರು ಟೀ ಲೋಟ ಎತ್ತಿಕೊಂಡು ಕೈಪಂಪಿನ ಕಡೆ ತಿರುಗಿದರು.

ನನ್ನ ಚೀಲದಲ್ಲಿ ಶಾಲೆಯ ಸ್ಕೇಲು ಯಾವಾಗಲೂ ಇರುತ್ತದೆ. ಪ್ಯಾಂಟಿನ ಗುಂಡಿ ಬಿಚ್ಚಿ, ಬಳೆಯಿಂದ ಬಳೆಗೆ ಅಳೆದೆ. ಎರಡು ವಾರದ ಹಿಂದೆ ಎಕ್ಸ್‌ರೇ ತೆಗೆಸಿದ ದಿನ ಡಾಕ್ಟರೇ ಅಳೆದು ಹಾಳೆಯ ಮೇಲೆ ಬರೆದ ಅಂಕಿ ಇತ್ತು. ಅಲ್ಲಿಂದ ಈಚೆಗೆ ದಿನಕ್ಕೊಂದರಂತೆ ಕೂಡಿದರೂ ಏಳು ಮಿಲಿಮೀಟರ್ ಜಾಸ್ತಿ ಬಂತು. ಮತ್ತೆ ಅಳೆದೆ. ಏಳೇ. ಜಯಮ್ಮನ ಕೈಗೆ ಸ್ಕೇಲು ಕೊಟ್ಟೆ. ಅವಳಿಗೂ ಏಳು ಬಂತು.

ಎರಡು ವಾರಕ್ಕೆ ಏಳೆಂದರೆ ದಿನಕ್ಕೆ ಎರಡು ತಿರುವು ಹೆಚ್ಚು. ಬೆಳಿಗ್ಗೆ, ಸಂಜೆ, ರಾತ್ರಿಯ ತಿರುವು ನನ್ನದು. ಮಧ್ಯಾಹ್ನ ನಾನು ಶಾಲೆಯಲ್ಲಿರುತ್ತೇನೆ, ಹನ್ನೆರಡರದ್ದು ಅವರದು. ಈ ಮಹಾನುಭಾವರು ದಿನಾ ಮಧ್ಯಾಹ್ನ ಒಂದು ತಿರುವಿನ ಜಾಗದಲ್ಲಿ ಮೂರು ತಿರುವು ಹಾಕಿ, ಪಟ್ಟಿಯಲ್ಲಿ ಮಾತ್ರ ಒಂದೇ ಗುರುತು ಹಾಕಿ ಕಾಲು ಚಾಚಿ ಮಲಗುತ್ತಿದ್ದರು.

ನಾನು ಏನೇನು ಬೈದೆನೋ ನನಗೇ ನೆನಪಿಲ್ಲ. ಟೀ ಅಂಗಡಿಯವನಿಗೆ ಕನ್ನಡ ಬರುವುದಿಲ್ಲ, ಆದರೂ ಅವನು ಒಲೆಯ ಉರಿ ಸಣ್ಣ ಮಾಡಿ ಕೇಳಿಸಿಕೊಂಡ. ಮೇಷ್ಟ್ರು ಬಂದು "ಶಾಂತಿ, ಶಾಂತಿ, ಎಂಥ ಜಾಗಕ್ಕೆ ಹೊರಟಿದ್ದೀವಮ್ಮ" ಅಂದರು. "ಶಾಂತಿ ನೀವಿಟ್ಕೊಳ್ಳಿ ಸಾರ್, ನಂಗೆ ಎಕ್ಸ್‌ರೇ ಬೇಕು" ಅಂದೆ. ಪಾಪ, ಅವರು ಎಲ್ಲರನ್ನೂ ಲುಂಬಿನಿಗೆ ಕಳುಹಿಸಿ ನಮಗೊಂದು ಆಟೋ ಹಿಡಿದುಕೊಟ್ಟರು.

ಭೈರಹವಾ

ಗಡಿಯ ಪಕ್ಕದ ಊರು. ಎಕ್ಸ್‌ರೇ ತೆಗೆಯುವ ಒಂದು ಚಿಕ್ಕ ಕ್ಲಿನಿಕ್ಕು ಸಿಕ್ಕಿತು. ಅಲ್ಲಿ ಎಲ್ಲರೂ ಚಪ್ಪಲಿಯನ್ನು ಜೋಡಿ ಮಾಡಿ ಬಾಗಿಲಾಚೆ ಬಿಟ್ಟು, ಕೂಗಾಡದೆ, ತಮ್ಮ ಸರದಿಗೆ ಕಾಯುತ್ತಿದ್ದರು. ನಮ್ಮಲ್ಲಾಗಿದ್ದರೆ ಚೀಟಿ ಕೊಡುವ ಕಿಟಕಿಗೆ ಹತ್ತು ಕೈ ತೂರಿರುತ್ತಿದ್ದವು. ನಾನು ಆ ಹತ್ತು ಕೈಗಳ ಪೈಕಿಯವಳು. ಕಿಟಕಿಗೆ ಕೈ ತೂರಿಸಿದೆ, ಎಲ್ಲರೂ ಮೆತ್ತಗೆ ಸರಿದು ದಾರಿ ಬಿಟ್ಟರು. ನಾಚಿಕೆಯಾಯಿತು, ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಫೋಟೊ ತೆಗೆದು ಬೆಂಗಳೂರಿನ ಡಾಕ್ಟರಿಗೆ ವಾಟ್ಸಾಪ್ ಮಾಡಿದೆ. ನನ್ನ ಕಣ್ಣಿಗೆ ಹೊಸ ಎಲುಬು ಹುಟ್ಟಬೇಕಾದ ಜಾಗದಲ್ಲಿ ಏನೂ ಕಾಣಲಿಲ್ಲ. ಮೇಲೆ ಎಲುಬು, ಕೆಳಗೆ ಎಲುಬು, ನಡುವೆ ಒಲೆಯ ಹೊಗೆಯಷ್ಟು ತೆಳುವಾದ ಬಿಳುಪು. ಅರ್ಧ ಗಂಟೆ ಉತ್ತರ ಬರಲಿಲ್ಲ. ಆ ಅರ್ಧ ಗಂಟೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಡಾಕ್ಟರೇ ಫೋನು ಮಾಡಿದರು. ಬೆರಳು ಜೋಮು ಹಿಡಿದಿದೆಯಾ, ಪಾದ ಮೇಲಕ್ಕೆ ಎತ್ತುತ್ತಾರಾ ಎಂದು ಕೇಳಿದರು. ಎತ್ತಿಸಿ ನೋಡಿ ಹೇಳಿದೆ. "ಹೊಸ ಎಲುಬು ತೀರಾ ತೆಳ್ಳಗಾಗಿದೆ ಅಮ್ಮ. ಪೂರ್ತಿ ಹೋಗಿಲ್ಲ. ಈಗ ಮುಂದಕ್ಕೆ ತಿರುಗಿಸೋದು ನಿಲ್ಲಿಸಿ. ಒಂದು ವಾರ ಹಿಂದಕ್ಕೆ ತಿರುಗಿಸಿ, ದಿನಕ್ಕೆ ಅದೇ ನಾಲ್ಕು ಸಲ, ಅಷ್ಟಷ್ಟೇ. ಬಂದ ತಕ್ಷಣ ನನಗೆ ತೋರಿಸಿ. ಸ್ಪ್ಯಾನರು ಅವರ ಕೈಗೆ ಕೊಡಬೇಡಿ" ಅಂದರು. ಫೋನಿನ ಸ್ಪೀಕರ್ ಹಾಕಿದ್ದೆ, ಬೇಕೆಂದೇ.

ಇನ್ನು ಸ್ಪ್ಯಾನರು. ಕ್ಲಿನಿಕ್ಕಿನ ಎದುರು ಒಂದು ಸೈಕಲ್ ಅಂಗಡಿ. ನಡೆಸುವವಳು ನನ್ನ ವಯಸ್ಸಿನ ಹೆಂಗಸು, ಮೂಗಿನಲ್ಲಿ ದೊಡ್ಡ ಹೂವಿನಂಥ ಬೊಟ್ಟು. ಆ ಊರಿನಲ್ಲಿ ಯಾರನ್ನೂ ಬರೀ ಹೆಸರಿನಲ್ಲಿ ಕರೆಯುವುದಿಲ್ಲ. ಕಂಡ ಗಳಿಗೆಯಲ್ಲೇ ನಾನು ಅವಳಿಗೆ 'ದಿದಿ', ಅಂದರೆ ಅಕ್ಕ. ಅಕ್ಕನ ಗಂಡನಾದ್ದರಿಂದ ನಮ್ಮವರು 'ಭಿನಾಜು', ನಮ್ಮ ಭಾವ ಇದ್ದ ಹಾಗೆ. ನಮ್ಮವರು "ದಸ್ ನಂಬರ್ ಪಾನಾ ಹೈ ಕ್ಯಾ?" ಎಂದು ಕೇಳಿದರು. ಅವಳು ಕಾಲನ್ನು ನೋಡಿದಳು, ಬಳೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು, ಹಿಂದಿಯಲ್ಲಿ "ಭಿನಾಜು ಸೈಕಲ್ಲಾಗಿಬಿಟ್ಟಿದ್ದಾರಲ್ಲ ದಿದಿ!" ಅಂದಳು. ಭಾವನನ್ನು ಗೇಲಿ ಮಾಡುವ ಹಕ್ಕು ಅಲ್ಲೂ ನಾದಿನಿಗಿದೆ ಅಂತಾಯಿತು. ಎರಡು ದಿನದಿಂದ ಮೊದಲ ಸಲ ನನಗೆ ನಗು ಬಂತು.

ಹತ್ತನೇ ನಂಬರು ಅವಳ ಹತ್ತಿರ ಒಂದೇ ಇತ್ತು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. ಕಳೆದುಹೋಗುತ್ತೆ ಅಂತಲೇ ಅಲ್ಲಿಟ್ಟದ್ದು ಎಂದಳು. ಅದನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಿ ಕೊಟ್ಟಳು. ನಮ್ಮವರು ಕೈ ಚಾಚಿದರು. ನಾನು ಮಧ್ಯದಲ್ಲೇ ತೆಗೆದುಕೊಂಡೆ.

ಲುಂಬಿನಿ

ಮಧ್ಯಾಹ್ನದ ಹೊತ್ತಿಗೆ ಲುಂಬಿನಿ ತಲುಪಿದೆವು. ನಮ್ಮ ಗುಂಪಿನವರು ಆಗಲೇ ಒಳಗೆ ಹೋಗಿದ್ದರು. ದೊಡ್ಡ ತೋಟ, ಬಣ್ಣದ ಬಾವುಟದ ಸಾಲು, ಕೊಳ, ಕೆಂಪು ಬಟ್ಟೆಯವರು, ಹಳದಿ ಬಟ್ಟೆಯವರು, ಬಿಳಿ ಸೀರೆಯ ಹೆಂಗಸರು. ಯಾವ ಭಾಷೆ ಎಂದು ಗೊತ್ತಾಗದ ಪ್ರಾರ್ಥನೆ. ನಮ್ಮಪ್ಪ ಇದನ್ನು ನೋಡಬೇಕೆಂದು ಆಸೆಪಡುತ್ತಲೇ ತೀರಿಹೋದರು. ನಾನು ನೋಡುತ್ತ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ, ಹನ್ನೆರಡಾಗಿತ್ತು. ನೇಪಾಳದ ಹನ್ನೆರಡು.

ಮರದ ಕೆಳಗೆ ಒಂದು ಕಲ್ಲಿನ ಕಟ್ಟೆ ಹುಡುಕಿ ಅವರನ್ನು ಕೂರಿಸಿ, ನೆಲದ ಮೇಲೆ ಕೂತು ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಉಗುರು ಬಣ್ಣದ ಬಾಣಕ್ಕೆ ಎದುರಾಗಿ ಮೊದಲ ನಟ್ಟು ತಿರುಗಿಸಿದೆ. ನಲವತ್ತು ದಿನ ಕಷ್ಟಪಟ್ಟು ಮುಂದಕ್ಕೆ ತಂದದ್ದನ್ನು ನನ್ನ ಕೈಯಾರೆ ಹಿಂದಕ್ಕೆ ಕಳುಹಿಸತೊಡಗಿದೆ.

"ಯಾಕಿಂಗೆ ಮಾಡಿದ್ರಿ? ಅಷ್ಟು ಹೇಳಿದ್ನಲ್ಲ. ಅಂಥ ಅವಸರ ಏನಿತ್ತು ನಿಮಗೆ?" ಅಂದೆ.

ಎರಡನೇ ನಟ್ಟಿಗೆ ಸ್ಪ್ಯಾನರು ಹಾಕಿದೆ.

"ಕೂಡ್ಲಿಲ್ಲ ಅಂದ್ರೆ ತೆಗೀತಾರಂತೆ" ಅಂದರು ಮೆಲ್ಲಗೆ. "ಎಕ್ಸ್‌ರೇ ತೆಗ್ಸಿದ್ ದಿನ ನೀನು ಔಷಧಿ ತರಕ್ಕೆ ಹೋಗಿದ್ಯಲ್ಲ, ಅವಾಗ ನಾನೇ ಡಾಕ್ಟ್ರುನ್ನ ಕೇಳ್ದೆ. ಮಂಡಿಯಿಂದ ಕೆಳಕ್ಕೆ ಅಂದ್ರು. ನಿಂಗೆ ಹೇಳಿದ್ರೆ ನೀನು ಊಟ ಬುಟ್ಬುಡ್ತೀಯ ಅಂತ ಹೇಳ್ಲಿಲ್ಲ. ಅದುಕ್ಕೇ ಬಿರ್ರನೆ ಮುಟ್ಟಿಸಿಬುಟ್ರೆ ತೆಗೆಯೋ ಮಾತೇ ಇರಲ್ಲ ಅಂದ್ಕಂಡೆ. ಮೋಟ್ರು ಇಳಿಸಿದಂಗಲ್ಲ ಅಂತ ನಂಗೇನ್ ಗೊತ್ತು?"

ನನ್ನ ಕೈ ನಿಂತಿತು. ಹದಿನೈದು ದಿನ ಇವರು ನನ್ನೆದುರು ಕೂತು ಮುದ್ದೆ ನುಂಗಿ, ನಾನು ಶಾಲೆಗೆ ಹೋದ ಮೇಲೆ ಒಬ್ಬರೇ ಹೆದರಿಕೊಂಡು ನಟ್ಟು ತಿರುಗಿಸಿದ್ದಾರೆ. ಎಂಥ ನೋವಾಗಿರಬೇಕು! ಒಂದು ತಿರುವಿಗೇ ಸಂಜೆ ಮುಖ ಹಿಂಡುತ್ತಿದ್ದವರು. ಕೋಪ ಬಂತು, ಅಯ್ಯೋ ಅನ್ನಿಸಿತು, ಎರಡೂ ಒಟ್ಟಿಗೆ.

"ನಂಗೆ ಗೊತ್ತಿತ್ತು" ಅಂದೆ.

"ಏನು?"

"ಬಳೆ ಹಾಕಿದ ದಿನಾನೇ ನನ್ನ ಆಚೆ ಕರೆದು ಹೇಳಿದ್ರು."

ಅವರು ನನ್ನನ್ನೇ ನೋಡಿದರು. ಒಂದೂವರೆ ತಿಂಗಳಿಂದ ನಾನು ತಿಂದದ್ದು, ಮಲಗಿದ್ದು, ಕಾರಣವಿಲ್ಲದೆ ರೇಗಿದ್ದು ಎಲ್ಲವನ್ನೂ ಲೆಕ್ಕ ಹಾಕುತ್ತಿದ್ದಾರೆಂದು ಕಾಣುತ್ತಿತ್ತು. "ಲೇ, ನೀನೊಬ್ಳೇ ಹೊತ್ಕಂಡಿದ್ಯಾ?" ಅಂದರು. ಅವರ ಕಣ್ಣು ತುಂಬಿತು. ಪೈಪು ಬಿದ್ದ ದಿನವೂ ಅತ್ತವರಲ್ಲ.

ಮೂರನೇ ನಟ್ಟು ಉಳಿದಿತ್ತು. ತಿರುಗಿಸಿದೆ. ಅವರು ಹಲ್ಲು ಕಚ್ಚಿಕೊಂಡು, ಆಮೇಲೆ ಕೇಳಿದರು: "ಒಂದ್ ವ್ಯಾಳೆ ತೆಗುದ್ರು ಅನ್ಕೋ. ಒಂಟಿ ಕಾಲ್ನೋನ್ನ ಕಟ್ಕಂಡು ಏನ್ ಮಾಡ್ತೀಯ?"

ಇಷ್ಟು ದಿನ ಈ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಎಷ್ಟೋ ಉತ್ತರ ಜೋಡಿಸಿದ್ದೆ. ಬಾಯಿಗೆ ಬಂದದ್ದು ಬೇರೆ.

"ಬೈತೀನಿ" ಅಂದೆ. "ನಿಮ್ಮನ್ನ ಬೈಯೋಕೆ ಕಾಲು ಬೇಕಾಗಿಲ್ಲ, ಕಿವಿ ಇದ್ರೆ ಸಾಕು."

ಅವರು ನಕ್ಕರು. ನಕ್ಕರೆ ಮೈ ಅಲುಗಿ ತಂತಿ ಎಳೆಯುತ್ತದೆ. "ಅಮ್ಮಾ, ಅಮ್ಮಾ" ಅನ್ನುತ್ತಲೇ ನಕ್ಕರು. ನಾನು ಅವರ ಕಾಲನ್ನು ಹಾಗೇ ತೊಡೆಯ ಮೇಲೆ ಹಿಡಿದುಕೊಂಡು, ಅಷ್ಟು ದೇಶದ ಜನ ಓಡಾಡುವ ಜಾಗದಲ್ಲಿ, ಗಟ್ಟಿಯಾಗಿ ಅತ್ತೆ.